ದೊಡ್ಡ ಬಿ, ಸಣ್ಣ ಬಿ

ಅವರ ಮುಂದಿನ ಹಲ್ಲಿನ ತುದಿಯಲ್ಲಿ ರಾಗಿ ಕಾಳಿನಷ್ಟು ಕಚ್ಚು ಬಿದ್ದಿತ್ತು. ಟೆಲಿಫೋನ್ ಕೆಲಸದಲ್ಲಿದ್ದ ಅಷ್ಟೂ ವರ್ಷ ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದದ್ದರ ಗುರುತು. ಆ ಕಚ್ಚು ನಮಗೆ ಕಾಣುತ್ತಿದ್ದದ್ದು ಅವರು ನಕ್ಕಾಗ ಮಾತ್ರ, ಅವರು ನಗುತ್ತಿದ್ದದ್ದು ಬೇರೆಯವರ ಲೆಕ್ಕ ತಪ್ಪಿದಾಗ ಮಾತ್ರ.

ಬನಶಂಕರಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ನಿವೃತ್ತರಾದ ಮೇಲೆ ನಮ್ಮಲ್ಲಿ ಟೆಲಿಫೋನ್ ಲೈನು ನೋಡಿಕೊಳ್ಳಲು ಬರುತ್ತಿದ್ದ ಅವರನ್ನು ಎಲ್ಲರೂ ಲೈನ್ ಸಾರ್ ಎನ್ನುತ್ತಿದ್ದರು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತವರೆಲ್ಲ ದೇವರಂಥವರು ಎನ್ನುವ ಪೈಕಿ ನಾನಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ನಮಸ್ಕಾರ ಎಂದರೆ ತಿರುಗಿ ನಮಸ್ಕಾರ ಇಲ್ಲ, ನಾವು ಕೂತ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿಯೇ ಕೂರುವುದು, ಕೂತೊಡನೆ ಒಂದೇ ಪ್ರಶ್ನೆ: "ಎಂಟರಿಂದ ಭಾಗಿಸಿದ್ರಾ?"

ವಿಷಯ ಇಷ್ಟೇ. ಟೆಲಿಫೋನಿನವರು ವೇಗವನ್ನು ಬಿಟ್ಟಿನಲ್ಲಿ ಎಣಿಸುತ್ತಾರೆ, ಡಿಸ್ಕಿನವರು ಬೈಟಿನಲ್ಲಿ. ಎಂಟು ಬಿಟ್ಟು ಸೇರಿದರೆ ಒಂದು ಬೈಟು. ಇಂಗ್ಲಿಷಿನಲ್ಲಿ ಬಿಟ್ಟಿಗೆ ಸಣ್ಣ ಬಿ, ಬೈಟಿಗೆ ದೊಡ್ಡ ಬಿ. ಮೆಗಾಬಿಟ್ಟಾಗಲಿ ಮೆಗಾಬೈಟಾಗಲಿ, ನಮ್ಮ ಬಾಯಲ್ಲಿ ಎರಡೂ ಎಂಬಿಯೇ.

ಒಮ್ಮೆ ಪಕ್ಕದ ದರ್ಶಿನಿಯಲ್ಲಿ ನಾನೂ ರಿಸೆಪ್ಷನ್ ಹುಡುಗಿಯೂ ಒಂದನ್ನೇ ಎರಡು ಲೋಟಕ್ಕೆ ಹಂಚುವ ಬೈಟೂ ಕಾಫಿ ಹೇಳಿದ್ದೆವು. ಇವರು ಇಡೀ ಸ್ಟಾಫಿನ ಎದುರು, "ಮೇಡಂಗೆ ಬೈಟೂ ಗೊತ್ತು, ಬೈಟು ಗೊತ್ತಿಲ್ಲ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ಮ್ಯಾನೇಜರಿಗೆ ದೂರು ಬರೆದುಕೊಟ್ಟೆ: ಹೆಂಗಸರನ್ನು ಅವಮಾನ ಮಾಡುತ್ತಾರೆ ಎಂದು. ಗಂಡಸರನ್ನೂ ಅಷ್ಟೇ ಮಾಡುತ್ತಿದ್ದರು; ಅದನ್ನು ಬರೆಯಲಿಲ್ಲ. ತಿಂಗಳು ಮುಗಿದ ಮೇಲೆ ಬರುವುದು ಬೇಡ ಎಂದು ಅವರಿಗೆ ತಿಳಿಸಲಾಯಿತು. ದೂರು ಯಾರದೆಂದು ಅವರಿಗೆ ಗೊತ್ತಾಯಿತು, ಅವರಿಗೆ ಗೊತ್ತಾಗಿದೆ ಎಂದು ನನಗೂ ಗೊತ್ತಾಯಿತು. ಆಮೇಲೆ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ.

ಅದೇ ತಿಂಗಳು ನಮ್ಮ ಸೆಂಟರು ಜೆ.ಪಿ. ನಗರಕ್ಕೆ ಸ್ಥಳಾಂತರವಾಗುತ್ತಿತ್ತು. ಹಳೆಯ ಸ್ಕ್ಯಾನುಗಳೆಲ್ಲ ಒಂದು ಓಬೀರಾಯನ ಕಾಲದ ಡಿಸ್ಕ್ ಪೆಟ್ಟಿಗೆಯಲ್ಲಿದ್ದವು. ಆಫ್ ಮಾಡಿದರೆ ಮತ್ತೆ ಏಳುವ ಭರವಸೆ ಇಲ್ಲ, ಪೆನ್‌ಡ್ರೈವ್ ಹಾಕುವ ಕಿಂಡಿಯೂ ಸತ್ತಿತ್ತು. ಅಲ್ಲಿಗೆ ಕಳಿಸಲು ಉಳಿದಿದ್ದ ಒಂದೇ ದಾರಿ, ಎರಡು ಎಂಬಿ ವೇಗದ ಹಳೇ ಟೆಲಿಫೋನ್ ಲೈನು. ಒಟ್ಟು ನಲವತ್ತು ಜಿಬಿ. ನಾನು ಲೆಕ್ಕ ಹಾಕಿ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದೆ: ಸೆಕೆಂಡಿಗೆ ೨ ಎಂಬಿ, ಐದೂವರೆ ಗಂಟೆ.

ಉತ್ತರಹಳ್ಳಿಯ ಒಬ್ಬ ಟೈಲರಮ್ಮನ ಹಳೆಯ ಸ್ಕ್ಯಾನೂ ಅದರಲ್ಲಿತ್ತು. ಈಗ ಹೊಸದಾಗಿ ತೆಗೆದದ್ದರಲ್ಲಿ ಆಕೆಯ ಶ್ವಾಸಕೋಶದ ಮೇಲೆ ಒಂದು ಮಚ್ಚೆ ಕಂಡಿತ್ತು. ಮೂರು ವರ್ಷದ ಹಿಂದೆಯೂ ಅದು ಅಷ್ಟೇ ಇತ್ತೆಂದಾದರೆ ಆಪರೇಷನ್ ಬೇಡ. ಹಳೆಯದು ಸಿಗದಿದ್ದರೆ ಮರುದಿನ ಬೆಳಿಗ್ಗೆ ಎದೆ ಕೊಯ್ಯುವುದೆಂದು ಡಾಕ್ಟರು ನಿರ್ಧರಿಸಿದ್ದರು. ಆ ದಿನ ಸಂಜೆ ನಾಲ್ಕು ಗಂಟೆಯವರೆಗೆ ಕಾಯುತ್ತೇನೆ ಎಂದಿದ್ದರು. ಒಂದೂವರೆಗೇ ಸಿಗುತ್ತದೆ ಸಾರ್ ಎಂದು ಮಾತು ಕೊಟ್ಟು ನಾನು ಬೆಳಿಗ್ಗೆ ಎಂಟಕ್ಕೆ ಕಳಿಸಲು ಶುರು ಮಾಡಿದ್ದೆ.

ಹನ್ನೊಂದಕ್ಕೆ ಲೈನ್ ಸಾರ್ ಬಂದರು. ಚೀಟಿ ಓದಿದರು. ಹಲ್ಲಿನ ಕಚ್ಚು ಕಾಣಿಸಿತು.

"ಕನ್ನಡದಲ್ಲಿ ಬರೆದ್ರೆ ದೊಡ್ಡ ಬಿ ಯಾವ್ದು, ಸಣ್ಣ ಬಿ ಯಾವ್ದು ಅಂತ ಹೇಗ್ರೀ ಗೊತ್ತಾಗತ್ತೆ?"

ಲೈನು ಟೆಲಿಫೋನಿನವರದು, ಸಣ್ಣ ಬಿ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಕಾಲು ಎಂಬಿ. ನನ್ನ ಐದೂವರೆ ಗಂಟೆ ನಿಜವಾಗಿ ನಲವತ್ತನಾಲ್ಕು ಗಂಟೆ. ಹಳೆಯದರಿಂದ ಹೊಸದಕ್ಕೆ ಸರದಿಯಲ್ಲಿ ಹೋಗುತ್ತಿದ್ದ ಸ್ಕ್ಯಾನುಗಳಲ್ಲಿ ಕೊನೆಯ ಕಡೆಗಿದ್ದ ಆಕೆಯದು ತಲುಪುವಷ್ಟರಲ್ಲಿ ಆಪರೇಷನ್ ಮುಗಿದಿರುತ್ತಿತ್ತು.

ಅವರು ನನ್ನನ್ನು ಎಬ್ಬಿಸಿ, ಕುರ್ಚಿ ಒರೆಸಿ ಕೂತರು. ಹೋಗುತ್ತಿದ್ದದ್ದನ್ನು ನಿಲ್ಲಿಸಿ ಆಕೆಯ ಸ್ಕ್ಯಾನನ್ನಷ್ಟೇ ಮುಂದೆ ಹಾಕಿದರು. ಆರುನೂರು ಎಂಬಿ, ದೊಡ್ಡ ಬಿ, ನಲವತ್ತು ನಿಮಿಷ ಎಂದರು. ನಾನು ಥ್ಯಾಂಕ್ಸ್ ಎಂದದ್ದಕ್ಕೆ ಮುಖವನ್ನೂ ನೋಡಲಿಲ್ಲ.

"ನಿಮಗೋಸ್ಕರ ಅಲ್ಲ. ನಿಮಗೆ ಲೆಕ್ಕ ಬರಲ್ಲ ಅಂತ ಆ ಯಮ್ಮ ಯಾಕೆ ಕೊಯ್ಸ್ಕೋಬೇಕು?"

ಸ್ಕ್ಯಾನು ಹನ್ನೆರಡರೊಳಗೆ ತಲುಪಿತು. ಮಚ್ಚೆ ಬೆಳೆದಿರಲಿಲ್ಲ, ಆಪರೇಷನ್ ರದ್ದಾಯಿತು. ಡಾಕ್ಟರು ಫೋನು ಮಾಡಿ ನನ್ನನ್ನು ಹೊಗಳಿದರು. ನಾನು ಹೊಗಳಿಸಿಕೊಂಡೆ. ತಿಂಗಳ ಕೊನೆಗೆ ಲೈನ್ ಸಾರ್ ಕೆಲಸ ಬಿಟ್ಟು ಹೋದರು. ದೂರನ್ನು ವಾಪಸು ಪಡೆಯಲು ನನಗೆ ಹತ್ತೊಂಬತ್ತು ದಿನ ಸಮಯವಿತ್ತು. ಪಡೆಯಲಿಲ್ಲ.

ಈ ವರ್ಷ ಅವರು ತೀರಿಕೊಂಡರೆಂದು ಆಫೀಸಿನ ಗ್ರೂಪಿನಲ್ಲಿ ಬಂತು. ಹೊಸಕೆರೆಹಳ್ಳಿಯ ಅವರ ಮನೆಗೆ ಹೋದೆ. ನೀವು ಯಾರು ಎಂದು ಅವರ ಹೆಂಡತಿ ಕೇಳಿದರು. ಸೆಂಟರಿನಲ್ಲಿ ಅವರ ಹತ್ತಿರ ಬೈಸಿಕೊಂಡವಳು ಎಂದೆ. "ಹಾಗಾದ್ರೆ ತುಂಬಾ ಜನ ಇದ್ದೀರಿ, ಕೂತ್ಕೊಳ್ಳಿ" ಎಂದರು. ಟೈಲರಮ್ಮನ ಕಥೆ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮನೇಲಿ ಇದರ ಬಗ್ಗೆ ಒಂದು ಮಾತೂ ಹೇಳ್ಲಿಲ್ಲ ನೋಡಿ. ಅಲ್ಲಿ ಯಾರೋ ಕಂಪ್ಲೇಂಟ್ ಕೊಟ್ರಂತೆ. ಅವತ್ತಿಂದ ಮಂಕಾಗ್ಬಿಟ್ರು. ಯಾರು ಅಂತ ಎಷ್ಟು ಕೇಳಿದ್ರೂ ಹೆಸರು ಹೇಳ್ಲಿಲ್ಲ."

"ನಾನೇ ಅಮ್ಮ," ಎಂದೆ.

ಆಕೆ ಎದ್ದು ಹೋಗಿ ಅರ್ಧ ಮುಚ್ಚಿದ್ದ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ನಿಂತರು. ನಾನು ಚಪ್ಪಲಿ ಮೆಟ್ಟಿಕೊಂಡೆ. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಎನ್ನಬಾರದು. ಆ ಶಾಸ್ತ್ರ ಇಲ್ಲದಿದ್ದರೂ ನನ್ನ ಬಾಯಿಂದ ಅವತ್ತು ಆ ಮಾತು ಹೊರಡುತ್ತಿರಲಿಲ್ಲ.