ಸಮುದ್ರದ ಮೇಲಿದ್ದ ಗಿಡುಗ

ಬಸ್ ಡಿಪೋದಿಂದ ನಿವೃತ್ತರಾಗಿ ವರ್ಷಗಳಾದರೂ ಓಣಿಯವರು ಅವರನ್ನು ಕಂಟ್ರೋಲರ್ ಎಂದೇ ಕರೆಯುತ್ತಿದ್ದರು. ನಿಯಂತ್ರಿಸಲು ಬಸ್ಸುಗಳಿಲ್ಲದೆ ಅವರು ಮನೆಯವರನ್ನು ಹಿಡಿದುಕೊಂಡಿದ್ದರು. ಹಾಲಿನವನು ತಡ ಮಾಡಿದರೆ ಕಾರಣ ಕೇಳುವರು. ಮಗ ಬಚ್ಚಲಿನಿಂದ ಬರುವುದು ತಡವಾದರೆ ಬಾಗಿಲು ತಟ್ಟುವರು. ಮನೆಮಂದಿಗೆ ಸಾಕುಸಾಕಾಗಿದ್ದಾಗ ಅವರನ್ನು ಸುಮ್ಮನಾಗಿಸಿದ್ದು ಒಂದು ಗಿಡುಗ.

ಸೊಸೆ ಹಕ್ಕಿಗಳ ವಲಸೆಯನ್ನು ಅಧ್ಯಯನ ಮಾಡುವ ಕಚೇರಿಯಲ್ಲಿದ್ದಳು. ಗಿಡುಗಗಳ ಬೆನ್ನಿಗೆ ಬಿಸಿಲಿನಿಂದ ನಡೆಯುವ ಪುಟ್ಟ ಯಂತ್ರ ಕಟ್ಟಿ ಬಿಡುತ್ತಿದ್ದರು. ಅದು ಉಪಗ್ರಹದ ಮೂಲಕ ಕಳಿಸುವ ಸಂಕೇತ ಹಿಡಿದು ಹಕ್ಕಿ ಎಲ್ಲಿದೆಯೆಂದು ಗುರುತಿಸುವುದು ಅವಳ ಕೆಲಸ. ಒಂದು ದಿನ ಊಟ ಮಾಡುವಾಗ, ಹೆಣ್ಣು ಗಿಡುಗವೊಂದು ಸಮುದ್ರ ದಾಟಲು ಹೊರಟಿದೆ ಎಂದಳು.

"ಒಬ್ಬಳೇನಾ?" ಎಂದರು ಮಾವ.

ಅಂದಿನಿಂದ ಅವಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ "ಎಲ್ಲಿಗೆ ಬಂದ್ಳು?" ಎಂಬ ಪ್ರಶ್ನೆ. ಮದುವೆಯಾಗಿ ಹೋದ ಸ್ವಂತ ಮಗಳನ್ನೂ ಅವರು ಹೀಗೆ ವಿಚಾರಿಸಿಕೊಂಡಿರಲಿಲ್ಲ.

ಸಮುದ್ರದ ನಡುವೆ ಸಂಕೇತ ನಿಂತುಹೋಯಿತು. ಸೊಸೆಗೆ ಹೇಳಲು ಬಾಯಿ ಬರಲಿಲ್ಲ. "ಸಮುದ್ರದ ಮೇಲಿದ್ದಾಳೆ ಮಾವ" ಎಂದಳು. ಮರುದಿನವೂ ಅದನ್ನೇ ಹೇಳಿದಳು. ವಾರ ಕಳೆಯಿತು.

"ಇನ್ನೂ ಸಮುದ್ರದ ಮೇಲೇನಾ? ಅಲ್ಲೇ ಮನೆ ಮಾಡ್ಕೊಂಡ್ಳಾ?"

ಸೊಸೆ ನಿಜ ಹೇಳಿದಳು. ಹಕ್ಕಿ ನೀರಿಗೆ ಬಿದ್ದಿರಬಹುದು, ಇಲ್ಲವೇ ಯಂತ್ರ ಕೆಟ್ಟಿರಬಹುದು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸುಳ್ಳು ಹೇಳೋದಾದ್ರೆ ದಿನಾ ಸ್ವಲ್ಪ ಮುಂದಕ್ಕಾದ್ರೂ ಕಳಿಸ್ಬೇಕಿತ್ತಮ್ಮ" ಎಂದು ಎದ್ದುಹೋದರು. ಅಂದು ಊಟ ಬೇಡವೆಂದರು. "ಹಕ್ಕಿಗೋಸ್ಕರ ಉಪವಾಸಾನಾ?" ಎಂದು ನಗಲು ಹೋದ ಮಗ, ಹೆಂಡತಿಯ ಮುಖ ನೋಡಿ ತುತ್ತು ನುಂಗಿದ.

ಎರಡು ದಿನ ಬಿಟ್ಟು ಸಂಕೇತ ಬಂತು. ಬೆನ್ನಿನ ಪುಕ್ಕ ಮುಚ್ಚಿಕೊಂಡು ಯಂತ್ರಕ್ಕೆ ಬಿಸಿಲು ತಾಗಿರಲಿಲ್ಲ, ಅಷ್ಟೇ. ಗಿಡುಗ ಆಚೆ ದಡ ಸೇರಿತ್ತು. ಸೊಸೆ ಸಂಜೆಯವರೆಗೂ ತಡೆಯಲಾರದೆ ಮನೆಗೆ ಫೋನ್ ಮಾಡಿದಳು. "ಬರ್ತೀನಿ, ನೋಡ್ಬೇಕು" ಎಂದರು ಮಾವ.

ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೆ ಬಂದರು. ಸೊಸೆ ತನ್ನ ಕುರ್ಚಿ ಬಿಟ್ಟುಕೊಟ್ಟು ಕಂಪ್ಯೂಟರಿನ ಪರದೆ ತೋರಿಸಿದಳು. ನಕ್ಷೆಯ ಅಂಚಿನಲ್ಲಿ ಒಂದು ಕೆಂಪು ಚುಕ್ಕೆಯಿತ್ತು.

"ಹಕ್ಕಿ ಎಲ್ಲಿ?"

"ಅದೇ ಮಾವ."

"ಇದು ಚುಕ್ಕೆ."

"ಇಷ್ಟೇ ಕಾಣೋದು."

ಉಪಗ್ರಹವೆಂದರೆ ಮೇಲಿನಿಂದ ರೆಕ್ಕೆ, ಕೊಕ್ಕು ಎಲ್ಲ ತೋರಿಸುತ್ತದೆಂದು ಅವರು ತಿಳಿದಿದ್ದರು. ಕುರ್ಚಿಯನ್ನು ಮುಂದೆಳೆದುಕೊಂಡು, ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿ, ಚುಕ್ಕೆಯನ್ನೇ ನೋಡುತ್ತ ಕೂತರು.

"ತುಂಬ ಸೊರಗಿದ್ದಾಳೆ" ಎಂದರು.

ಸೊಸೆ ಹೌದೆಂದು ಹೇಳಿ, ಅವರಿಗೆ ಚಹಾ ತರಲು ಹೋದಳು.