ವಿಲನ್ ಆಗಲು ಬಾರದ ನಮ್ಮ ಮಾವ

ನಮ್ಮ ಶಾರ್ಟ್ ಫಿಲ್ಮ್‌ನ ರಫ್ ಕಟ್, ಅಂದರೆ ಮೊದಲ ಕಚ್ಚಾ ಎಡಿಟ್, ಕ್ಲಾಸಿನಲ್ಲಿ ತೋರಿಸಿದೆವು. ಮುಗಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ಆಕಳಿಸಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು...

ತುಮಕೂರಿನಲ್ಲಿ ನಾನು ಜರ್ನಲಿಸಂ ಕೊನೆಯ ವರ್ಷ. ಫಿಲ್ಮ್‌ನ ಕಥೆ ಇಷ್ಟೇ: ಸ್ಕೂಟರ್ ಓಡಿಸಲು ಆಸೆಪಡುವ ಮಗಳು, ಬೇಡವೆಂದು ಕೀ ಬಚ್ಚಿಡುವ ಅಪ್ಪ.

ಮಗಳಾಗಿ ಕುಣಿಗಲ್‌ನ ನನ್ನ ಗೆಳತಿ ಪಲ್ಲವಿ, ಅಪ್ಪನಾಗಿ ಗುಬ್ಬಿಯ ನಮ್ಮ ಸೋದರಮಾವ. ಬರೆದು ಡೈರೆಕ್ಟ್ ಮಾಡಿದ್ದು ನಾನು.

ತೊಂದರೆ ಇದ್ದದ್ದು ಮಾವನ ಮುಖದಲ್ಲಿ. ಕೀ ಬಚ್ಚಿಡುವಾಗಲೂ ನಗು, ಗದರುವಾಗಲೂ ನಗು. ಎಷ್ಟು ಟೇಕ್ ತೆಗೆದರೂ ಅಷ್ಟೇ.

ಕಾಲೇಜಿನ ಸ್ಕ್ರೀನಿಂಗ್‌ಗೆ ಇದನ್ನು ಕೊಡುವುದೇ ಬೇಡ ಎಂದಳು ಪಲ್ಲವಿ. ಅವತ್ತು ಅವಳ ಮನೆಯವರೆಲ್ಲ ಬರುವವರಿದ್ದರು.

ಮಧ್ಯಾಹ್ನ ಕ್ಯಾತ್ಸಂದ್ರದ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆ. ಮೇಡಂ ಪಾಠ ಮಾಡಿದ್ದ ನಿರೂಪಣಾ ಸಿದ್ಧಾಂತ ನೆನಪಾಯಿತು. ಕಥೆಯಲ್ಲಿ ಯಾರಿಗೆ ಏನು ಬೇಕು? ಅಡ್ಡ ನಿಲ್ಲುವವರು ಯಾರು, ಜೊತೆ ನಿಲ್ಲುವವರು ಯಾರು? ಪರೀಕ್ಷೆಗೆಂದು ಉರುಹೊಡೆದಿದ್ದೆ, ಅಷ್ಟೇ.

ಬೇಕು ಎನ್ನುವವಳು ಮಗಳು, ಸರಿ. ಅಡ್ಡ ನಿಲ್ಲುವವನು ಅಪ್ಪ ಎನ್ನೋಣವೆಂದರೆ... ಸ್ಕ್ರೀನ್ ಮೇಲೆ ಮಾವ ನಗುತ್ತಾ ಕೂತಿದ್ದಾರೆ. ಈ ಮನುಷ್ಯ ಯಾವ ಕೋನದಿಂದ ವಿಲನ್?

ಆಗ ಹೊಳೆಯಿತು. ಅಪ್ಪ ವಿಲನ್ ಅಲ್ಲ, ಸಹಾಯಕ!

ಮಗಳು ಪಕ್ಕದ ಮನೆಯ ಗಾಡಿಯಲ್ಲಿ ಕದ್ದು ಕಲಿಯುವ ಸೀನ್ ಹೇಗೂ ಇತ್ತು. ಅದು ಅಪ್ಪನಿಗೆ ಗೊತ್ತಿದ್ದರೆ? ಪೂರ್ತಿ ಕಲಿಯುವವರೆಗೂ ರೋಡಿಗೆ ಇಳಿಯದಿರಲಿ ಎಂದೇ ಕೀ ಬಚ್ಚಿಟ್ಟಿದ್ದರೆ?

ಬೇಕಾಗಿದ್ದು ಒಂದೇ ಒಂದು ಹೊಸ ಸೀನ್. ಮರುದಿನವೇ ನಾನೂ ಪಲ್ಲವಿಯೂ ಗುಬ್ಬಿ ಬಸ್ ಹತ್ತಿದೆವು. ಮಗಳು ಮನೆಯಲ್ಲಿ ಇಲ್ಲದಾಗ ಅಪ್ಪ ಸ್ಕೂಟರ್ ಒರೆಸಿ, ಬಾಟಲಿಯಿಂದ ಪೆಟ್ರೋಲ್ ತುಂಬಿಸಿಡಬೇಕು ಎಂದು ಮಾವನಿಗೆ ವಿವರಿಸಿದೆ.

"ಇದಾದ್ರೆ ಸರಿ ಕಣಮ್ಮ. ಬೈಯೋದು ನಂಗೆ ಬರಲ್ಲ ಅಂತ ಮೊದ್ಲೇ ಹೇಳಿದ್ನಲ್ಲ" ಎಂದರು.

ಮೊದಲ ಟೇಕೇ ಓಕೆ.

ಮೇಡಂ ಹೇಳಿದ್ದ ಇನ್ನೊಂದು ಮಾತೂ ಕೈಹಿಡಿಯಿತು: ಕಥೆ ನಡೆದ ಕ್ರಮ ಬೇರೆ, ಅದನ್ನು ಹೇಳುವ ಕ್ರಮ ಬೇರೆ. ಪೆಟ್ರೋಲ್ ತುಂಬಿಸುವುದು ನಡುವೆ ನಡೆದದ್ದು. ನಾನು ಅದನ್ನು ಕೊನೆಗೆ ಒಯ್ದೆ, ಮಗಳು ಬಚ್ಚಿಟ್ಟ ಕೀ ಹುಡುಕಿ ಗಾಡಿ ಓಡಿಸಿಕೊಂಡು ಹೋದ ಮೇಲೆ.

ಸ್ಕ್ರೀನಿಂಗ್ ದಿನ ಮಾವ ಇಸ್ತ್ರಿ ಶರ್ಟ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು.

ಪೆಟ್ರೋಲ್ ಬಾಟಲಿ ಕಂಡಿತು ನೋಡಿ... ಇಡೀ ಹಾಲ್ ಚಪ್ಪಾಳೆ! ಪಲ್ಲವಿ ನನ್ನ ಕೈಯನ್ನು ನೋಯುವಷ್ಟು ಹಿಂಡಿಬಿಟ್ಟಳು.

ಹೊರಗೆ ಬಂದಾಗ ಹೆಬ್ಬೂರಿನಿಂದ ಬರುವ ಫಸ್ಟ್ ಇಯರ್ ಹುಡುಗಿಯೊಬ್ಬಳು ಮಾವನ ಮುಂದೆ ಫೋನ್ ಚಾಚಿ ನಿಂತಳು.

"ಅಂಕಲ್, ನಮ್ಮಪ್ಪ ಲೈನಲ್ಲಿದಾರೆ. ನಂಗೂ ಗಾಡಿ ಕಲ್ಸಿ ಅಂತ ಒಂದ್ಮಾತು ಹೇಳ್ತೀರಾ?"

ಮಾವ ಗಂಟಲು ಸರಿಮಾಡಿಕೊಂಡು ಫೋನ್ ಇಸಿದುಕೊಂಡರು. ಹಸು, ರಾಗಿ, ಮಳೆ ಎಲ್ಲ ವಿಚಾರಿಸಿ, ನಿಧಾನವಾಗಿ ಗಾಡಿಯ ಮಾತಿಗೆ ಬಂದರು.

ಆ ಹುಡುಗಿ ಈಗ ಭಾನುವಾರಗಳಂದು ಅಪ್ಪನ ಜೊತೆ ಸ್ಕೂಟರ್ ಕಲಿಯುತ್ತಿದ್ದಾಳೆ. ಮಾವನಿಗೆ ವಿಡಿಯೋ ಕಳಿಸುತ್ತಾಳೆ, ಅವರು ಅದನ್ನು ನಮ್ಮ ಇಡೀ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡುತ್ತಾರೆ.

ಫಿಲ್ಮ್ ಮುಗಿದ ಮೇಲೂ ಪಾತ್ರ ಮುಂದುವರಿದರೆ ಅದಕ್ಕೆ ಯಾವ ಥಿಯರಿ? ಗೊತ್ತಿದ್ದವರು ಕಾಮೆಂಟಿನಲ್ಲಿ ತಿಳಿಸಿ.