ಅರ್ಧವೇ ಕೇಳಿದ ಕಾಸಿಂ

ಬಂದರಿನ ರವೂಫ್ ಸಾಹುಕಾರರ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಸಿಂ ಪಾಪದ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು. ನಮ್ಮ ಕಡೆ ಅದು ಸಾಧು ಎಂಬ ಹೊಗಳಿಕೆ. ಕಾಸಿಮನೂ ಹಾಗೆಂದೇ ತಿಳಿದಿದ್ದ. ಪಾಪದವನಾಗಿ ಬಾಳಿದ್ದಕ್ಕೆ ಏನು ತೆರಬೇಕಾಯಿತು ಎಂದು ಅವನಿಗೆ ಗೊತ್ತಾದದ್ದು ಮಗಳ ವಿಷಯದಲ್ಲಿ.

ಮಂಡಿಯಿಂದ ಅಕ್ಕಿ, ಹಂಚು ಮಂಜಿ ಎಂಬ ಹಾಯಿ ಹಡಗುಗಳಲ್ಲಿ ಕಡಲು ದಾಟಿ ದ್ವೀಪಗಳಿಗೆ ಹೋಗುತ್ತಿದ್ದವು. ಮಂಜಿಗಳಿಗೆ ಸರಕು ತುಂಬುವುದು ಬೆಳಗ್ಗೆ, ಆದ್ದರಿಂದ ಬರೆಯುವುದೆಲ್ಲ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಆದರೆ ಸಾಹುಕಾರರ ನಿಜವಾದ ದಿನ ಶುರುವಾಗುವುದೇ ಸಂಜೆ. ಮಂಜಿ ನಡೆಸುವ ತಂಡೇಲರು, ಪಕ್ಕದ ವ್ಯಾಪಾರಿಗಳು, ಕೆಲಸವಿಲ್ಲದ ನೆಂಟರು ಬಂದು ಕೂತು ಚಾ ಕುಡಿಯುತ್ತಿದ್ದರು. ಆ ಹೊತ್ತಿಗೆ ಲೆಕ್ಕ ಬರೆಯುವ ರೈಟರ್ ತನ್ನ ಡೆಸ್ಕಿನ ಹಿಂದೆ ಕಾಣಿಸಬೇಕು. ರೈಟರ್ ಕಾಣದ ಮಂಡಿ ಮುಳುಗುವ ಮಂಡಿ ಎಂದು ಜನ ಆಡಿಕೊಳ್ಳುತ್ತಾರೆ ಎಂಬುದು ಸಾಹುಕಾರರ ಭಯ. ಹಾಗಾಗಿ ಕಾಸಿಂ ಪ್ರತಿ ಸಂಜೆ ಪೆನ್ನು ಹಿಡಿದು, ಬರೆದದ್ದನ್ನೇ ನೋಡುತ್ತಾ, ಅಂಗಡಿಯ ಬೋರ್ಡಿನಂತೆ ಕೂತಿರುತ್ತಿದ್ದ.

ಅವನ ಒಬ್ಬಳೇ ಮಗಳು ನಾಝಿಮಾಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಆದ್ದರಿಂದ ಮಾತೂ ಬಂದಿರಲಿಲ್ಲ. ಕಾಸಿಮನ ತಾಯಿ ಬೀಫಾತಿಮ್ಮ ಹೊರದ ಹರಕೆಯಿಲ್ಲ, ಕಟ್ಟಿಸದ ತಾಯಿತವಿಲ್ಲ. ಕೊನೆಗೆ ದಾರಿ ತೋರಿಸಿದವನು ಹಡಗು ನಿಲ್ಲುವ ಧಕ್ಕೆಯಲ್ಲಿ ಸರಕು ಎಣಿಸುತ್ತಿದ್ದ ಬೊನಿಫಾಸ್. ಕಿವುಡು ಮಕ್ಕಳಿಗೆ ಮಾತು ಕಲಿಸುವುದನ್ನು ಮದ್ರಾಸಿನಲ್ಲಿ ಕಲಿತು ಬಂದ ಸಿಸ್ಟರ್ ಒಬ್ಬರು ಗುಡ್ಡೆಯ ಮೇಲಿನ ಕಾನ್ವೆಂಟಿನಲ್ಲಿ ಇದ್ದಾರೆ ಎಂದು ಹೇಳಿದ.

ಸಿಸ್ಟರ್ ನಾಝಿಮಾಳ ಬಾಯಿ ತೆರೆಸಿ ನೋಡಿದರು. "ನಾಲಗೆಗೆ ಎಂತದ್ದೂ ಆಗಲಿಲ್ಲ. ಕಿವಿ ಇಲ್ಲ, ಅಷ್ಟೇ. ಮಾತು ಬರಿಸಬಹುದು."

ಕಾಸಿಂ ಮಗಳನ್ನು ಎತ್ತಿಕೊಂಡ.

"ಆದರೆ ಈಗಲೇ ಆಗ್ಬೇಕು," ಎಂದರು ಸಿಸ್ಟರ್. "ಆರು ವರ್ಷ ಆಯ್ತು ಅವಳಿಗೆ. ಇನ್ನು ತಡ ಮಾಡಿದರೆ ನಾಲಗೆ ಬಗ್ಗುವುದಿಲ್ಲ. ದಿನಾ ನಾಲ್ಕು ಗಂಟೆಗೆ, ಶಾಲೆ ಬಿಟ್ಟ ಮೇಲೆ ಬನ್ನಿ. ಓದಲಿಕ್ಕೆ ಬರುವವರು ಯಾರಾದರೂ ಜೊತೆಗೆ ಕೂತು ಕಲಿಯಬೇಕು. ನಾನು ಇಲ್ಲಿ ಹೇಳಿಕೊಟ್ಟದ್ದನ್ನು ನೀವು ಮನೆಯಲ್ಲಿ ಹೇಳಿಸಬೇಕು."

ಮನೆಯಲ್ಲಿ ಓದಲು ಬರುತ್ತಿದ್ದುದು ಕಾಸಿಮನಿಗೆ ಮಾತ್ರ. ಹೆಂಡತಿ ಮುಮ್ತಾಝ್ ಅಕ್ಷರ ಕಲಿತವಳಲ್ಲ. "ನೀವು ಸಾಹುಕಾರರ ಹತ್ರ ಕೇಳಿ. ಬಾಯಿ ಬಿಟ್ಟು ಕೇಳಿ," ಎಂದಳು. ಗಂಡನ ಬಾಯಿ ಎಷ್ಟು ತೆರೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಕೇಳಬೇಕಾದದ್ದು ಬಹಳ ಸುಲಭ: ಬೆಳಗ್ಗೆ ಆರಕ್ಕೆ ಬರುತ್ತೇನೆ, ಮಧ್ಯಾಹ್ನ ಮೂರಕ್ಕೆ ಬಿಡಿ. ಆದರೆ ದೊಡ್ಡವರ ಮುಂದೆ ತನ್ನ ಲಾಭದ ಮಾತನ್ನು ಮೊದಲೇ ಎತ್ತುವುದು ಮರ್ಯಾದೆಯಲ್ಲ ಎಂದು ಕಾಸಿಮನನ್ನು ಬೆಳೆಸಿದ್ದರು. ಮೊದಲು ಕೊಡಬೇಕು, ತಿಳಿದವರಾದರೆ ಉಳಿದದ್ದನ್ನು ಅವರೇ ತಿಳಿದುಕೊಂಡು ಕೊಡುತ್ತಾರೆ. ಅವನು ಅರ್ಧವನ್ನೇ ಕೇಳಿದ.

"ಸಾಹುಕಾರ್ರೇ, ನಾನು ನಾಳೆಯಿಂದ ಸುಬಹ್ ನಮಾಝ್ ಮುಗಿಸಿ ಸೀದಾ ಮಂಡಿಗೆ ಬರ್ಲಾ? ಕೆಲಸ ಬೇಗ ಮುಗೀತದೆ. ಮಗಳದ್ದು ಸ್ವಲ್ಪ ಕಾನ್ವೆಂಟಿನ ವಿಷಯ ಉಂಟು..."

ಸಾಹುಕಾರರು ಕಾನ್ವೆಂಟಿನ ವಿಷಯ ಕೇಳಲಿಲ್ಲ. ಬೀಗದ ಕೈಯನ್ನು ಅಲ್ಲೇ ತೆಗೆದು ಅವನ ಕೈಗಿಟ್ಟರು. ಅಂದು ಸಂಜೆ ಚಾದ ಮಂದಿಯೆದುರು, "ನೋಡಿ, ರೈಟರ್ ಅಂದ್ರೆ ಹೀಗಿರ್ಬೇಕು," ಎಂದು ಹೊಗಳಿದರು. ಕಾಸಿಂ ತಲೆ ತಗ್ಗಿಸಿ ನಕ್ಕ. ಆ ನಗುವಿನಲ್ಲೇ ಅವನ ಕತೆ ಮುಗಿದಿತ್ತು.

ಬೆಳಗ್ಗೆ ಬೇಗ ಬಾಗಿಲು ತೆರೆಯುವುದು ರೂಢಿಯಾಯಿತು. ಸಂಜೆ ಕೂರುವುದು ಹೇಗಿತ್ತೋ ಹಾಗೇ ಉಳಿಯಿತು. ತಿಳಿದವರು ತಾವಾಗಿ ತಿಳಿಯುತ್ತಾರೆ ಎಂದು ಅವನು ಕಾದ. ತಮಗೆ ಬೇಕಾದದ್ದನ್ನು ಸಾಹುಕಾರರು ತಿಳಿದುಕೊಂಡೂ ಆಗಿತ್ತು.

ಸಿಕ್ಕಿದ್ದು ಶುಕ್ರವಾರ ಮಾತ್ರ. ಜುಮಾಕ್ಕೆ ಮುಚ್ಚಿದ ಮಂಡಿ ಇಳಿಹೊತ್ತಿನ ಅಸರ್ ನಮಾಝ್ ಕಳೆದು ತೆರೆಯುವಷ್ಟರಲ್ಲಿ ಕಾಸಿಂ ಮಗಳನ್ನು ಹೊತ್ತುಕೊಂಡು ಗುಡ್ಡೆ ಹತ್ತುತ್ತಿದ್ದ. ಸಿಸ್ಟರ್ ಅಂದು ಶಾಲೆಯ ನಡುವೆಯೇ ಬಿಡುವು ಮಾಡಿಕೊಂಡು, ನಾಝಿಮಾಳ ಅಂಗೈಯನ್ನು ಅವನ ಗಂಟಲಿಗೆ ಒತ್ತಿ ಹಿಡಿದು, "ಈಗ ಹೇಳಿ," ಎನ್ನುತ್ತಿದ್ದರು. ಅವನು "ಬಾ" ಎಂದರೆ ಹುಡುಗಿಯ ಕಣ್ಣು ಅರಳುತ್ತಿತ್ತು. ಅಪ್ಪನ ಗಂಟಲೊಳಗೆ ಏನೋ ಅದುರುತ್ತದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು. "ಪ್" ಎಂದಾಗ ಗಂಟಲು ಸುಮ್ಮನಿರುತ್ತದೆ, ಬಾಯಿಯೆದುರು ಹಿಡಿದ ಕಾಗದ ಮಾತ್ರ ಹಾರುತ್ತದೆ. ಅವಳು ಕಾಗದ ಹಾರಿಸಿ ಕೇಕೆ ಹಾಕಿದಳು. ಒಂದು ಶುಕ್ರವಾರ ಅವನ ಮುಖವನ್ನೇ ದಿಟ್ಟಿಸಿ, "ಬಾ... ಪ," ಎಂದಳು. ಆಡು ಕೂಗಿದ ಹಾಗಿತ್ತು ಆ ಸ್ವರ. ನಮ್ಮ ಕಡೆಯ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಮಕ್ಕಳು ಅಪ್ಪನನ್ನು ಕರೆಯುವುದು ಬಾಪ ಎಂದೇ. ಕಾಸಿಂ ಸಿಸ್ಟರ್ ಎದುರೇ ಅತ್ತುಬಿಟ್ಟ.

ಅಳು ನಿಲ್ಲುವವರೆಗೆ ಸಿಸ್ಟರ್ ಕಾದರು. "ವಾರಕ್ಕೊಮ್ಮೆ ಬಂದರೆ ಇದು ನಿಲ್ಲುವುದಿಲ್ಲ. ಇವತ್ತು ಬಂದದ್ದು ಮುಂದಿನ ಶುಕ್ರವಾರಕ್ಕೆ ಹೋಗಿರ್ತದೆ. ಮನೆಗೆ ಹೋಗುವಾಗ ನಿಮಗೆ ರಾತ್ರಿ, ಮಗು ಮಲಗಿ ಆಗಿರ್ತದೆ. ಮತ್ತೆ ಹೇಳಿಸುವವರು ಯಾರು?"

ಮಗಳ ಮಾತು ಕೇಳಿದ ಧೈರ್ಯದಲ್ಲಿ ಅವನು ಸಾಹುಕಾರರ ಹತ್ತಿರ ಉಳಿದರ್ಧವನ್ನೂ ಕೇಳಿದ. ಮಗಳು ಬಾಪ ಎಂದದ್ದನ್ನು ಹೇಳಿದ. ಮೂರು ಗಂಟೆಗೆ ಬಿಡಿ ಎಂದ.

ಸಾಹುಕಾರರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಎಂತ ಮಾರಾಯ, ಬೆರಳು ಕೊಟ್ಟರೆ ಹಸ್ತ ನುಂಗ್ತೀಯಲ್ಲ? ಬೇಗ ಬರ್ತೇನೆ ಅಂದದ್ದು ನೀನು, ನಾನು ಹೇಳಿದ್ದಾ? ಬೆಳಗ್ಗೆ ಬರುವುದು ನಿನ್ನ ಖುಷಿ. ಸಂಜೆ ನೀನು ಕೂರುವುದು ನಾನು ಕೊಟ್ಟ ಕೆಲಸ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಮಳೆಗಾಲ ಬರ್ಲಿ, ನೋಡುವ," ಎಂದರು.

ಮಳೆಗಾಲ ಬಂತು. ಮಂಜಿಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿದರು. ಬರೆಯಲು ಒಂದು ಸಾಲೂ ಇರಲಿಲ್ಲ. ಆಗಲೂ ಅವನನ್ನು ಬಿಡಲಿಲ್ಲ. ವ್ಯಾಪಾರವಿಲ್ಲದ ದಿನಗಳಲ್ಲಿ ರೈಟರ್ ಇನ್ನಷ್ಟು ಕಾಣಿಸಬೇಕಂತೆ! "ಮಳೆಗಾಲ ಕಳೀಲಿ," ಎಂದರು ಸಾಹುಕಾರರು. ಖಾಲಿ ಮಂಡಿಯಲ್ಲಿ, ಸೋರುವ ಹಂಚಿನ ಮಾಡಿನ ಕೆಳಗೆ ಕೂತು ಕಾಸಿಂ ಬಾಯೊಳಗೇ ಪ, ಬ, ಮ ಎಂದುಕೊಳ್ಳುತ್ತಿದ್ದ. ಕೆಲಸ ಬಿಡುವ ಯೋಚನೆಯೂ ಬಂದಿತ್ತು. ಆದರೆ ಬಂದರಿನಲ್ಲಿ ಒಬ್ಬರು ಬಿಟ್ಟ ರೈಟರನ್ನು ಇನ್ನೊಬ್ಬರು ಸೇರಿಸುವುದಿಲ್ಲ. ಮಂಡಿಯ ಹಣ ತಿಂದು ಬಂದಿದ್ದಾನೆ ಎಂದೇ ತಿಳಿಯುತ್ತಾರೆ. ಮನೆಯಲ್ಲಿ ಉಣ್ಣುವ ಬಾಯಿಗಳು ಅವನೊಬ್ಬನನ್ನೇ ನಂಬಿದ್ದವು.

ಮರುವರ್ಷ ಸಿಸ್ಟರ್‌ಗೆ ಮೇಲಿನವರಿಂದ ಆಜ್ಞೆ ಬಂದು ಅವರು ಮದ್ರಾಸಿಗೆ ಹೊರಟರು. "ಬಿಡಬೇಡಿ, ಹೇಳಿಸ್ತಾ ಇರಿ," ಎಂದರು. ಹೇಳಿಸಲು ಅವನು ತಾನೆಷ್ಟು ಕಲಿತಿದ್ದ? ಕಲಿತ ಒಂದು ಮಾತನ್ನು ನಾಝಿಮಾ ಕೆಲವು ದಿನ ಕೂಗಿದಳು. ಓಣಿಯ ಮಕ್ಕಳು ಅದನ್ನು ಅಣಕಿಸಿ ಕೂಗತೊಡಗಿದ ಮೇಲೆ ಬಾಯಿ ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ನಾಝಿಮಾಳಿಗೆ ಹದಿನಾಲ್ಕು ತುಂಬಿದ ವರ್ಷ ರವೂಫ್ ಸಾಹುಕಾರರು ತೀರಿಕೊಂಡರು. ಮಂಡಿ ಮಗ ರಹ್ಮತನ ಕೈಗೆ ಬಂತು. ಬೊಂಬಾಯಿಯಲ್ಲಿ ವ್ಯಾಪಾರ ಕಲಿತು ಬಂದ ಹುಡುಗ, ಕೆಟ್ಟವನಲ್ಲ. ಮೊದಲ ವಾರವೇ ಕಾಸಿಮನನ್ನು ಕರೆದ.

"ಕಾಸಿಂ ಕಾಕ, ನೀವು ಬೆಳಗ್ಗೆ ಆರಕ್ಕೇ ಬರ್ತೀರಿ. ಮತ್ತೆ ಸಂಜೆವರೆಗೆ ಯಾಕೆ ಕೂರ್ತೀರಿ? ಮೂರು ಗಂಟೆಗೆ ಮನೆಗೆ ಹೋಗಿ."

ಕಾಸಿಂ ಪೆನ್ನಿಗೆ ಮುಚ್ಚಳ ಹಾಕಿದ.

"ಇದನ್ನು ಬಾಪನ ಹತ್ರ ಆಗ್ಲೇ ಕೇಳ್ಬಹುದಿತ್ತಲ್ಲ? ಒಂದು ಮಾತು ಕೇಳಿದ್ರೆ ಆಗ್ತಿತ್ತು."

"ಕೇಳಿದ್ದೆ," ಎಂದ ಕಾಸಿಂ. ರಹ್ಮತ್ ಆಗಲೇ ಬೇರೆ ಯಾರನ್ನೋ ಕರೆಯುತ್ತಿದ್ದ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ಆ ಗಾದೆ ಕಟ್ಟಿದವನಿಗೆ ಹೋದದ್ದು ಬರೀ ಹಲ್ಲು. ಕಾಸಿಂ ಬಿಸಿಲಲ್ಲಿ ಕುದ್ರೋಳಿಯ ತನ್ನ ಮನೆಯ ಕಡೆ ನಡೆದ. ಆ ಹೊತ್ತಿನಲ್ಲಿ ತನ್ನ ಓಣಿ ಹೇಗಿರುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಜಗಲಿಯಲ್ಲಿ ಕೂತು ಮೀನು ಕೊಯ್ಯುತ್ತಿದ್ದ ನಾಝಿಮಾ ಅವನನ್ನು ಕಂಡು ಧಡಕ್ಕನೆ ಎದ್ದಳು. ಗಾಬರಿಯಿಂದ ಎರಡೂ ಕೈ ಆಡಿಸಿ ಏನೋ ಕೇಳಿದಳು. ಆ ಕೈಮಾತನ್ನು ತಾಯಿ ಮಗಳು ಇಬ್ಬರೂ ಸೇರಿ ಇಷ್ಟು ವರ್ಷಗಳ ಮಧ್ಯಾಹ್ನಗಳಲ್ಲಿ ಕಟ್ಟಿಕೊಂಡಿದ್ದರು. ಅವಳು ಮತ್ತೊಮ್ಮೆ, ಚಿಕ್ಕ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಆಡಿಸಿದಳು. ಕಾಸಿಂ ಆ ಬೆರಳುಗಳನ್ನೇ ನೋಡುತ್ತಾ ನಿಂತ. ಏನೂ ಅರ್ಥವಾಗಲಿಲ್ಲ.

ಅವನು ಒಳಗೆ ತಿರುಗಿ ಮುಮ್ತಾಝಳನ್ನು ಕರೆದ. "ಇವಳು ಎಂತ ಕೇಳ್ತಾಳೆ?"

ಮುಮ್ತಾಝ್ ಬಾಗಿಲಿಗೆ ಬಂದು ಮಗಳ ಕೈ ನೋಡಿದಳು. "ಕೆಲಸ ಹೋಯ್ತಾ ಅಂತ ಕೇಳ್ತಾಳೆ," ಎಂದಳು.